ಅರ್ಧ ಮಾತ್ರೆಯ ಏಟು

೨೦೨೫ರ ಫೆಬ್ರವರಿ ೧೬, ಭಾನುವಾರ, ಬೆಳಿಗ್ಗೆ ಏಳೂವರೆ. ಉಡುತಡಿಯ ಶಾಲೆ ಮೈದಾನದಲ್ಲಿ ಅಭ್ಯಾಸ ನಡೆದಿತ್ತು. ನನ್ನ ಅತ್ತಿಗೆಯ ಡೊಳ್ಳಿನ ಕೋಲು ಬಲಗಡೆ ಕುಣಿಯುತ್ತಿದ್ದ ಎದುರುಮನೆಯಾಕೆಯ ಹುಬ್ಬಿಗೆ ಬಡಿಯಿತು. ಚರ್ಮ ಸೀಳಿ ರಕ್ತ ಕಣ್ಣೊಳಗೆ ಇಳಿಯಿತು. ಆಕೆ ಅಳಲಿಲ್ಲ. ಕೊರಳಿನಿಂದ ಡೊಳ್ಳು ಕಳಚಿ, ಎರಡೂ ಕೈಯಲ್ಲಿ ಎತ್ತಿ, ಅತ್ತಿಗೆಯ ಮೊಣಕಾಲಿನ ಮೇಲೆ ಎಸೆದಳು.

"ಕಣ್ ಮುಚ್ಕೊಂಡು ಬಾರಸ್ತೀಯೇನೇ, ಕುಬಟೂರಾಕಿ?"

"ನಾನು ಸರಿಯಾಗೇ ಹೊಡ್ದಿದ್ದು. ನಿನ್ನ ಮುಖ ಅಲ್ಲಿಗೆ ಯಾಕೆ ಬಂತು ಮಾರಾಯ್ತಿ?"

"ಮುಖ ಕುತ್ಗಿ ಮ್ಯಾಲೇ ಇರ್ತೈತಿ. ಮನ್ಯಾಗ ಇಟ್ಟು ಬರ್ಲಾ?"

ಸಾಲಿನಲ್ಲಿ ಒಬ್ಬಳು ನಕ್ಕಳು. ನಕ್ಕವಳ ಮೀನಖಂಡಕ್ಕೆ ದೊಡ್ಡವ್ವನ ಬೆತ್ತ ಬಿತ್ತು.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಹೆಂಗಸರ ಈ ತಂಡವನ್ನು ಕಟ್ಟಿದವಳು ಅವಳೇ, ಕಲಿಸುವವಳೂ ಅವಳೇ. ಅವಳ ಪಾಠದಲ್ಲಿ ವಿವರಣೆ ಇಲ್ಲ. ತಪ್ಪಿದ ಕಾಲಿಗೆ ಏಟು, ತಪ್ಪಿದ ಕೈಗೆ ಏಟು. ಏಟು ತಿಂದವರು ಬಯ್ಯುತ್ತಾ ಮನೆಗೆ ಹೋಗಿ ಮುಂದಿನ ಭಾನುವಾರ ಮತ್ತೆ ಬರುತ್ತಾರೆ. ಡೊಳ್ಳು ಹೊಡೆಯುವವರು ಹನ್ನೆರಡು ಮಂದಿ. ನಾನು ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೇನೆಂಬ ಕಾರಣಕ್ಕೆ ನನ್ನ ಕೈಗೆ ಕಂಚಿನ ತಾಳ ಕೊಟ್ಟಿದ್ದಾರೆ.

ಅತ್ತಿಗೆ ಸೊರಬದ ಕಡೆಯವಳು. ಕುಬಟೂರಿನಲ್ಲಿ ಹುಡುಗಿಯರ ತಂಡದಲ್ಲಿ ಕುಣಿದು ಬೆಳೆದವಳು. ನನ್ನ ಅಣ್ಣನನ್ನು ಮದುವೆಯಾಗುವಾಗ ಅವಳು ಹಾಕಿದ ಷರತ್ತು ಒಂದೇ, ಡೊಳ್ಳು ಬಿಡುವುದಿಲ್ಲ ಎಂದು. ನಮ್ಮೂರಿನಲ್ಲಿ ಹೆಂಗಸರಿಗೆ ಇರುವುದು ಇದೊಂದೇ ತಂಡ. ಇದರಿಂದ ಹೊರಬಿದ್ದರೆ ಅವಳ ಡೊಳ್ಳು ಅಟ್ಟ ಸೇರುತ್ತದೆ. ಆ ದಿನ ರಕ್ತ ಒರೆಸುತ್ತಲೇ ಮಾತು ಅಲ್ಲಿಗೆ ಹೋಯಿತು.

"ಆಕಿಗೆ ತಾಳ ಇಲ್ಲ ದೊಡ್ಡವ್ವ. ತೆಗೀರಿ ಆಕಿನ್ನ," ಎಂದಳು ಎದುರುಮನೆಯಾಕೆ, ಸೆರಗನ್ನು ಹುಬ್ಬಿಗೆ ಒತ್ತಿಕೊಂಡು.

ಆ ದಿನದ ಲೆಕ್ಕ: ಮೂರು ಹೊಲಿಗೆ, ಊದಿದ ಮೊಣಕಾಲು ಒಂದು, ಮುರಿದ ಕೋಲು ಒಂದು.

ಮನೆಗೆ ಬಂದು, ಅಭ್ಯಾಸದುದ್ದಕ್ಕೂ ಕಟ್ಟೆಯ ಮೇಲೆ ಆನ್ ಮಾಡಿಟ್ಟಿದ್ದ ನನ್ನ ಮೊಬೈಲಿನ ವಿಡಿಯೋವನ್ನು ನಿಧಾನ ಮಾಡಿ ನೋಡಿದೆ. ಕಲಿಯುವವರಿಗೆ ಉಪಯೋಗವಾದೀತೆಂದು ಕಂಡದ್ದನ್ನು ಬಿಡಿಸಿ ಹೇಳುತ್ತೇನೆ. ತಾಳ ತಪ್ಪುವುದು ಎಂದು ನಾವು ಒಂದೇ ಮಾತಿನಲ್ಲಿ ಬಯ್ಯುವುದರಲ್ಲಿ ಎರಡು ಬೇರೆ ವಿಷಯಗಳಿವೆ. ಮೊದಲನೆಯದು ಲಯ, ಅಂದರೆ ಒಂದು ಎಣಿಕೆಗೂ ಮುಂದಿನ ಎಣಿಕೆಗೂ ನಡುವಿನ ಅಂತರ ಹೆಚ್ಚುಕಡಿಮೆ ಆಗದಿರುವುದು. ಎರಡನೆಯದು ಗ್ರಹ, ಅಂದರೆ ಎಣಿಕೆಯ ಯಾವ ಜಾಗದಲ್ಲಿ ಹಾಡನ್ನೋ ಪೆಟ್ಟನ್ನೋ ಎತ್ತಿಕೊಳ್ಳುತ್ತೇವೆ ಎಂಬುದು. ಎಣಿಕೆ ಬಿದ್ದಾಗಲೇ ಎತ್ತಿಕೊಂಡರೆ ಸಮ. ಎಣಿಕೆಗಿಂತ ಮುಂಚೆ ಎತ್ತಿಕೊಂಡರೆ ಅತೀತ, ಎಣಿಕೆ ಬಿದ್ದ ಮೇಲೆ ಎತ್ತಿಕೊಂಡರೆ ಅನಾಗತ. ತೊಡೆಯ ಮೇಲೆ ಆದಿತಾಳ ಹಾಕಿ, ಮೊದಲ ತಟ್ಟು ಬೀಳುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಅದು ಬಿದ್ದ ಅರ್ಧ ಮಾತ್ರೆಯ, ಅಂದರೆ ಅರ್ಧ ಎಣಿಕೆಯ, ನಂತರ "ಸ" ಎಂದು ನೋಡಿ. ಲಯ ಎಲ್ಲೂ ಕೆಡುವುದಿಲ್ಲ. ಆದರೆ ಪಕ್ಕದಲ್ಲಿ ಸಮಕ್ಕೆ ಹಾಡುತ್ತಿರುವವರಿಗೆ ನೀವು ತಡವಾದಿರಿ ಅನ್ನಿಸುತ್ತದೆ.

ಅತ್ತಿಗೆಯದು ಅನಾಗತ. ಅವಳ ಕಾಲು ಎಲ್ಲರ ಕಾಲಿನ ಜೊತೆಗೇ ನೆಲಕ್ಕೆ ಬೀಳುತ್ತದೆ. ಕೋಲು ಮಾತ್ರ ಅರ್ಧ ಮಾತ್ರೆ ಬಿಟ್ಟು ಬೀಳುತ್ತದೆ. ನಮ್ಮವರು ಕಾಲು, ಕೋಲು ಎರಡನ್ನೂ ಒಟ್ಟಿಗೆ ಹಾಕಿ, ಆ ಅರ್ಧ ಮಾತ್ರೆಯಲ್ಲಿ ಎಡಕ್ಕೆ ಬಾಗುತ್ತಾರೆ. ಹೀಗಾಗಿ ಬಲಗಡೆಯವಳ ಮುಖ ಬಾಗಿ ಬರುವ ಕ್ಷಣ, ಅತ್ತಿಗೆಯ ಕೋಲು ಇಳಿಯುವ ಕ್ಷಣ ಎರಡೂ ಒಂದೇ.

ಇದನ್ನೂ, ಇದು ಅತ್ತಿಗೆಯ ತವರಿನ ಪದ್ಧತಿಯೇ ಇರಬೇಕೆಂಬುದನ್ನೂ ದೊಡ್ಡವ್ವನಿಗೆ ಹೇಳಿದೆ.

"ಬಾಯಿ ಬಡೀಬ್ಯಾಡ. ಮುಂದಿನ್ವಾರ ನಮ್ಮಂಗೆ ಹೊಡ್ದು ತೋರ್ಸಿದ್ರೆ ಇರ್ತಾಳ, ಇಲ್ಲಾಂದ್ರೆ ಇಲ್ಲ," ಎಂದಳು.

೨೩ರ ಭಾನುವಾರ ಎದುರುಮನೆಯಾಕೆ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಬಂದಳು. ಬೇಕೆಂದೇ ಅದೇ ಜಾಗದಲ್ಲಿ ನಿಂತಳು. "ಇವತ್ತು ಕೋಲು ತಾಗ್ಲಿ, ಆಮ್ಯಾಲೆ ಐತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮೊದಲನೇ ಕಾಲ, ಅಂದರೆ ನಿಧಾನದ ನಡೆ, ಚೆನ್ನಾಗಿಯೇ ಹೋಯಿತು. ಅತ್ತಿಗೆ ಹಲ್ಲು ಕಚ್ಚಿ ಕಾಲಿನ ಜೊತೆಗೇ ಕೋಲು ಹಾಕಿದಳು. ಕತ್ತಿನ ನರ ಎದ್ದು ಕಾಣುತ್ತಿತ್ತು. ದೊಡ್ಡವ್ವ ಬೆತ್ತ ಎತ್ತಿ ಎರಡನೇ ಕಾಲಕ್ಕೆ ಸನ್ನೆ ಮಾಡಿದಳು. ವೇಗ ಇಮ್ಮಡಿಯಾಯಿತು. ಹನ್ನೆರಡು ಡೊಳ್ಳಿನ ಸದ್ದು ಹೊಟ್ಟೆಯೊಳಗೆ ಗುದ್ದತೊಡಗಿತು. ಆ ವೇಗದಲ್ಲಿ ಯಾರೂ ಯೋಚಿಸಿ ಹೊಡೆಯುವುದಿಲ್ಲ, ತೋಳೇ ಹೊಡೆಯುತ್ತದೆ. ಅತ್ತಿಗೆಯ ತೋಳು ಕುಬಟೂರಿಗೆ ವಾಪಸು ಹೋಯಿತು.

ಕೋಲು ಎದುರುಮನೆಯಾಕೆಯ ಭುಜಕ್ಕೆ ತಾಗಿತು, ಅಷ್ಟೆ. ಆಕೆ ಕಾದಿದ್ದವಳಂತೆ ಅತ್ತಿಗೆಯ ಜಡೆ ಹಿಡಿದು ಎಳೆದು, ತನ್ನ ಕೋಲಿನಿಂದ ಡೊಳ್ಳಿನ ಮೇಲಿದ್ದ ಎಡಗೈಗೆ ಹೊಡೆದಳು. ಒಂದು, ಎರಡು, ಮೂರು. ಮೂರನೆಯ ಏಟಿಗೆ ಕಿರುಬೆರಳಿನ ಗೆಣ್ಣು ಒಣಕಡ್ಡಿಯಂತೆ ಸಿಡಿದ ಸದ್ದು ನನಗೆ ಕೇಳಿಸಿತು. ಅತ್ತಿಗೆ ತಲೆಯಿಂದ ಆಕೆಯ ಬಾಯಿಗೆ ಗುದ್ದಿದಳು. ತುಟಿ ಒಡೆಯಿತು. ಇಬ್ಬರೂ ಮಣ್ಣಿಗೆ ಬಿದ್ದು ಹೊರಳಾಡಿದರು. ಬಿಡಿಸಲು ಹೋದ ನನ್ನ ಪಕ್ಕೆಗೂ ಯಾರದ್ದೋ ಮೊಣಕೈ ಬಿತ್ತು. ದೊಡ್ಡವ್ವ ಇಬ್ಬರ ಬೆನ್ನಿಗೂ ಬೆತ್ತ ಸೀಳುವವರೆಗೆ ಹೊಡೆದಳು.

"ನಾಯಿ ಜಗಳ ಆಡಾಕೆ ಡೊಳ್ಳು ಯಾಕ್ ಬೇಕ್ರೇ? ಬರೇ ಕೈಲೆ ಆಡ್ರಿ!"

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅತ್ತಿಗೆ ಬಾತ ಕೈಯನ್ನು ಎದೆಗೆ ಒತ್ತಿಕೊಂಡು ಹೇಳಿದಳು: "ಬೆರಳು ಮುರಿದದ್ದಕ್ಕೆ ಬೇಜಾರಿಲ್ಲ ಕಣೆ. ತಾಳ ಇಲ್ಲ ಅಂದ್ಲಲ್ಲ, ಅದು."

ಆ ಸಂಜೆ ದೊಡ್ಡವ್ವ ಮನೆಗೆ ಬಂದಳು. ಬೆರಳಿಗೆ ಕಟ್ಟಿದ ಪಟ್ಟಿಯನ್ನು ನೋಡಿದಳು. ನನ್ನ ಕಡೆ ತಿರುಗಿ, "ಆಕಿ ತವರುಮನಿ ಪದ್ಧತೀನೇ ಹಂಗೆ ಅಂತ ಅಂದ್ಯಲ್ಲ. ತೋರ್ಸು. ಪದ್ಧತಿ ಅಂತ ಕಂಡ್ರೆ ಆಕಿನ್ನ ಮುಂದೆ ಒಬ್ಬಳ್ನೇ ನಿಲ್ಲಸ್ತೀನಿ. ನಾವು ಹೊಡಿಯೋದು, ಆಕಿ ಉತ್ತರ ಕೊಡೋದು," ಎಂದಳು.

ಮಾರ್ಚ್ ೨ರಂದು ಅತ್ತಿಗೆಯೂ ನಾನೂ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಆನವಟ್ಟಿಯಲ್ಲಿ ಇಳಿದು, ಕುಬಟೂರಿಗೆ ಹೋದೆವು. ಹಳೆಯ ತಂಡ ಇರಲಿಲ್ಲ. ಹುಡುಗಿಯರೆಲ್ಲ ಮದುವೆಯಾಗಿ ಬೇರೆ ಬೇರೆ ಊರು ಸೇರಿದ್ದರು. ಅತ್ತಿಗೆಗೆ ಕಲಿಸಿದ ಅವಳ ಸೋದರತ್ತೆ ಮಾತ್ರ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದಳು. ವಿಷಯ ಕೇಳಿ ಕೈ ತೊಳೆದುಕೊಂಡು ಬಂದು, "ಇಲ್ಲಿ ನಿಂತ್ಕ," ಎಂದು ನನ್ನನ್ನು ಎದುರು ನಿಲ್ಲಿಸಿಕೊಂಡಳು. ತನ್ನ ಹಿಮ್ಮಡಿಯಿಂದ ನನ್ನ ಕಾಲ್ಬೆರಳು ತುಳಿದಳು. ನಾನು ಅಯ್ಯೋ ಎನ್ನುವಷ್ಟರಲ್ಲಿ ಬೆನ್ನಿಗೆ ಅಂಗೈಯಿಂದ ಬಾರಿಸಿದಳು.

"ತುಳಿದದ್ದು ಎಣಿಕೆ. ಹೊಡೆದದ್ದು ಪೆಟ್ಟು. ಕಾಲಿನ ಗೆಜ್ಜೆ ಸದ್ದು ಕೇಳ್ಬೇಕಲ್ದಾ? ಡೊಳ್ಳನ್ನೂ ಅದ್ರ ಮೇಲೇ ಹಾಕಿದ್ರೆ ಗೆಜ್ಜೆ ಕಟ್ಟಿ ಏನ್ ಬಂತು?"

ಎಂಟು ಎಣಿಕೆಯ ಎರಡು ಆವರ್ತ ಅವಳು ನನ್ನ ಬೆನ್ನಿನ ಮೇಲೆ ಬಾರಿಸಿದಳು. ಅತ್ತಿಗೆ ಗಾಯವಿಲ್ಲದ ಕೈಯಿಂದ ವಿಡಿಯೋ ತೆಗೆಯುತ್ತಾ, ಬೆರಳು ಮುರಿದ ಮೇಲೆ ಮೊದಲ ಬಾರಿಗೆ ಜೋರಾಗಿ ನಕ್ಕಳು. ಈ ಹೊಡೆತ ಯಾರಿಂದ ಬಂತು ಎಂದು ಕೇಳಿದ್ದಕ್ಕೆ ಸೋದರತ್ತೆ, "ನಮ್ಮಪ್ಪ ಹಿಂಗೇ ಹೊಡೀತಿದ್ದ. ಬೇರೆ ಊರಿಂದು ನಂಗೊತ್ತಿಲ್ಲ," ಎಂದಳು.

ದೊಡ್ಡವ್ವ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು. ತೊಡೆ ತಟ್ಟಿಕೊಂಡು ಅರ್ಧ ಮಾತ್ರೆಗೆ ಹಾಕಲು ಹೋದಳು, ತಪ್ಪಿತು. ಸಿಟ್ಟಿನಿಂದ ತೊಡೆಗೆ ಇನ್ನೂ ಜೋರಾಗಿ ಬಡಿದುಕೊಂಡಳು.

"ಅತ್ತಿ ಹೊಡೀತಾಳ, ಸೊಸಿ ಕಲ್ತಾಳ. ಇದು ಒಂದು ಮನಿ ಚಾಳಿ. ಪದ್ಧತಿ ಅನ್ನಾಕ ಇನ್ನೊಂದು ಊರು ಬೇಕು."

ಅಷ್ಟಕ್ಕೆ ನಿಂತಿದೆ. ಇನ್ನೊಂದು ಊರು ಹುಡುಕಲು ಬೆರಳಿನ ಪಟ್ಟಿ ಬಿಚ್ಚುವವರೆಗೆ ದೊಡ್ಡವ್ವ ಸಮಯ ಕೊಟ್ಟಿದ್ದಾಳೆ. ಅತ್ತಿಗೆ ದಿನಾ ಹಿತ್ತಲಲ್ಲಿ ತೌಡಿನ ಚೀಲಕ್ಕೆ ಒಂದೇ ಕೈಯಲ್ಲಿ ಬಾರಿಸುತ್ತಾಳೆ. ಹಿಮ್ಮಡಿ ಮೊದಲು, ಕೋಲು ಆಮೇಲೆ. ಚೀಲದ ಹೊಲಿಗೆ ಕಿತ್ತು ಬರುತ್ತಿದೆ.

ಸೊರಬ, ಆನವಟ್ಟಿ ಕಡೆಯ ಯಾವುದೇ ಊರಿನಲ್ಲಿ ಕಾಲನ್ನು ಎಣಿಕೆಗೂ ಕೋಲನ್ನು ಅರ್ಧ ಮಾತ್ರೆಗೂ ಹಾಕುವ ಡೊಳ್ಳಿನವರನ್ನು ಕಂಡವರಿದ್ದರೆ, ಊರು ಯಾವುದು, ಯಾರಿಂದ ಕಲಿತದ್ದು, ಎರಡನೇ ಕಾಲದಲ್ಲೂ ಹಾಗೆಯೇ ಹೊಡೆಯುತ್ತಾರೆಯೇ ಎಂದು ದಯವಿಟ್ಟು ನನಗೆ ಬರೆಯಿರಿ. ಹಾಗೆ ಎಲ್ಲೂ ಇಲ್ಲ ಎಂದು ಖಚಿತವಾಗಿ ಬಲ್ಲವರೂ ಬರೆಯಿರಿ. ಅದನ್ನೂ ದೊಡ್ಡವ್ವನಿಗೆ ಓದಿ ಹೇಳುತ್ತೇನೆ.