ಬ್ರೇಕಿನ ಮೇಲೆ ನನ್ನ ಕಾಲು

ನನ್ನ ಗಂಡನಿಗೆ ಮೆಕ್ಯಾನಿಕ್ಕುಗಳೆಂದರೆ ಆಗುತ್ತಿರಲಿಲ್ಲ. ಹರಾಜಿನಲ್ಲಿ ಹಿಡಿದ ಹಳೆಯ ಡೀಸೆಲ್ ಜೀಪಿನ ಒಂದು ನಟ್ಟನ್ನೂ ಬೇರೆಯವರು ಮುಟ್ಟುವಂತಿರಲಿಲ್ಲ. ಎದುರಿಗೆ ಜೀವಮಾನವಿಡೀ ಅವನಿಗೆ ಬಹುವಚನ ಕೊಟ್ಟಿದ್ದೇನೆ, ಬರೆಯುವಾಗಲಾದರೂ ಬೇಡ. ಕೂಡ್ಲಿಗಿಯ ಸುತ್ತ ಹುಣಸೆ ಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದ. ಕಾನಹೊಸಹಳ್ಳಿ ದಾಟಿ ಒಳಗೆ ಹೋದರೆ ಎತ್ತಿನ ಗಾಡಿಯೇ ಹೆಣಗುವಂಥ ಕಲ್ಲುದಾರಿ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಭಾನುವಾರ ಬೆಳಿಗ್ಗೆ ಮನೆ ಮುಂದೆ ಜೀಪು ಬಿಚ್ಚಿಕೊಂಡು ಕೂರುತ್ತಿದ್ದ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಡ್ರೈವರ್ ಸೀಟಿನಲ್ಲಿ ನಾನು ಬೇಕಾದಷ್ಟು ಹೊತ್ತು ಕಳೆದಿದ್ದೇನೆ. ಓಡಿಸಲಿಕ್ಕಲ್ಲ, ಬ್ರೇಕ್ ಒತ್ತಲಿಕ್ಕೆ.

ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೆ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲನ್ನು ನಾಲ್ಕೈದು ಸಲ ಒತ್ತಿ, ಕೊನೆಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿನ ಸಣ್ಣ ನಟ್ಟು ಸಡಿಲಿಸಿ, ಗಾಳಿಯೂ ಎಣ್ಣೆಯೂ ಪುಸ್ಸೆಂದು ಹೊರಬಂದ ಮೇಲೆ ಬಿಗಿಯಬೇಕು. "ಒತ್ತು! ಹಿಡಿ! ಹಿಡಿ ಅಂದ್ರ ಹಿಡಿಬೇಕು, ಕಾಲಾಗ ಜೀವ ಇಲ್ಲೇನು?" ಎಂದು ಅವನು ಜೀಪಿನಡಿಯಿಂದ ಒದರುವುದು ಓಣಿಗೆಲ್ಲ ಕೇಳುತ್ತಿತ್ತು. "ಆಕಿ ಮ್ಯಾಲೆ ಯಾಕ ಒದರ್ತೀಯೋ?" ಎಂದು ನನ್ನ ಪರವಾಗಿ ಮಾತಾಡುತ್ತಿದ್ದವರು ನಮ್ಮತ್ತೆ ಒಬ್ಬರೇ.

ಒತ್ತಿ ಒತ್ತಿ ಆ ಬ್ರೇಕು ಅವನ ಕೈಗಿಂತ ನನ್ನ ಕಾಲಿಗೆ ಚೆನ್ನಾಗಿ ಗೊತ್ತಾಗಿತ್ತು. ಒಂದು ಭಾನುವಾರ, "ಹಿಡಿದ್ರ ನಿಲ್ಲವಲ್ದು ರೀ, ಸಣ್ಣಗ ಕೆಳಗ ಇಳಿತೈತಿ" ಎಂದೆ. ಎಲ್ಲೋ ಎಣ್ಣೆ ಸೋರುತ್ತಿದೆ ಎಂದೇ ಅದರರ್ಥ. ಅವನು ಎದ್ದು ಬಂದು ಪಟಪಟ ಎರಡು ಸಲ ಒತ್ತಿ ನೋಡಿದ. ಹಾಗೆ ಒತ್ತಿದರೆ ಎಂಥ ಬ್ರೇಕೂ ಗಟ್ಟಿಯೇ. ಎದುರು ಕಟ್ಟೆಯ ಮೇಲೆ ಕೂತ ಗಂಡಸರ ಕಡೆ ತಿರುಗಿ, "ರೊಟ್ಟಿ ಹಿಟ್ಟು ಮೆತ್ತಗೈತೋ ಗಟ್ಟಿ ಐತೋ ಕೇಳ್ರಿ, ಹೇಳ್ತಾಳ. ಜೀಪಿಂದು ಹೇಳಾಕ ಬಂದಾಳ" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆ, ದಾರಿಯಲ್ಲಿ ಬ್ರೇಕು ಕೈಕೊಟ್ಟು, ಜೀಪನ್ನು ಹ್ಯಾಂಡ್ ಬ್ರೇಕಿನಲ್ಲೇ ತೆವಳಿಸಿಕೊಂಡು ಮನೆಗೆ ಬಂದ. ನೀನು ಹೇಳಿದ್ದು ಖರೆ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಆ ಸಿಟ್ಟು ನನ್ನಲ್ಲಿ ಆರಲೇ ಇಲ್ಲ.

ಎರಡು ತಿಂಗಳ ಮೇಲೆ ಹಿಂದಿನ ಚಕ್ರದ ಬ್ರೇಕಿನ ರಬ್ಬರ್ ಬದಲಿಸಿ ಮತ್ತೆ ಗಾಳಿ ತೆಗೆದ. ಕೊನೆಯ ಸಲ ಒತ್ತಿ ಹಿಡಿದೆ. ಪೆಡಲು ನನ್ನ ಕಾಲಡಿ ನಿಧಾನವಾಗಿ ಇಳಿಯತೊಡಗಿತು.

"ಹಿಡಿದ್ರ ನಿಲ್ತೈತೇನು?" ಕೆಳಗಿನಿಂದ ಕೇಳಿದ.

"ನಿಲ್ತೈತ್ರಿ" ಎಂದೆ.

ಅವನು ಸಾಯಲಿ ಎಂದು ನಾನು ಬಯಸಿರಲಿಲ್ಲ. ಮತ್ತೊಮ್ಮೆ ಹಾಗೇ ತೆವಳಿಸಿಕೊಂಡು, ನಾಲ್ಕು ಜನರ ಎದುರು ಮುಖ ಸಣ್ಣದು ಮಾಡಿಕೊಂಡು ಬರಲಿ, ಅಷ್ಟೇ. ನೆನೆಸಿಕೊಂಡರೆ ಒಳಗೊಳಗೇ ಖುಷಿಯಾಗುತ್ತಿತ್ತು. ಅವನು ಕೈ ತೊಳೆದು ಜೀಪು ಶುರು ಮಾಡುವ ಹೊತ್ತಿಗೆ ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದರು. "ದಾರ್ಯಾಗ ನಮ್ಮಕ್ಕನ ಮನಿ ಹತ್ರ ಇಳಿಸ್ತಾನಂತ. ಹೋಗಿ ಬರ್ತೀನವ್ವ" ಎಂದು ಮುಂದಿನ ಸೀಟಿಗೆ ಹತ್ತಿದರು.

ಬೇಡ ಎನ್ನಬೇಕಿತ್ತು. ಅಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಕಟ್ಟೆಯ ಮೇಲೆ ಅವೇ ಗಂಡಸರು ಕೂತಿದ್ದರು. "ಹುಷಾರಾಗಿ ಹೋಗಿ ಬರ್ರಿ ಅತ್ತಿ" ಎಂದೆ.

ಗುಡ್ಡದ ಇಳಿಜಾರಿನಲ್ಲಿ ಜೀಪು ಬಂಡೆಗೆ ಬಡಿಯಿತು. ಅವನಿಗೆ ಹಣೆಯ ಮೇಲೆ ಒಂದು ಗಾಯ. ಸೊಂಟ ಮುರಿದ ಅತ್ತೆ ಮತ್ತೆ ಎದ್ದು ನಡೆಯಲಿಲ್ಲ. ಆರು ವರ್ಷ ಅವರ ಹೇಲುಚ್ಚೆ ಬಳಿದವಳು ನಾನೇ. ನೋಡಲು ಬಂದವರಿಗೆಲ್ಲ, "ಇಂಥ ಸೊಸಿ ಯಾರಿಗೆ ಸಿಗ್ತಾಳ" ಎನ್ನುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಬೈಗುಳ ತಿನ್ನುವುದು ವಾಸಿಯಿತ್ತು.

ಗಂಡ ಆಮೇಲೆ ನಟ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿಯಲಿಲ್ಲ. ಜೀಪನ್ನು ಗುಜರಿಗೆ ಹಾಕಿದ. ಒದರುವುದೂ ನಿಂತಿತು. ಅತ್ತೆ ತೀರಿಕೊಂಡು ಹದಿನೈದು ದಿನವಾಗಿರಬೇಕು, ಮಧ್ಯಾಹ್ನ ಊಟಕ್ಕೆ ಕೂತವನು ತುತ್ತು ಎತ್ತದೆ ಕೇಳಿದ.

"ಅವತ್ತು ಬ್ರೇಕ್ ಖರೇನ ನಿಂತಿತ್ತೇನು?"

ಅಷ್ಟು ಮೆಲ್ಲಗೆ ಅವನು ನನ್ನನ್ನು ಯಾವತ್ತೂ ಏನೂ ಕೇಳಿದವನಲ್ಲ.

"ನಿಂತಿತ್ರಿ."

"ಹಂಗಾದ್ರ ನಟ್ಟು ನಾನ ಸರಿ ಬಿಗಿ ಮಾಡಿಲ್ಲ" ಎಂದ. "ನಮ್ಮವ್ವನ್ನ ನಾನ ಕೊಂದೆ."

"ಉಣ್ರಿ, ಅನ್ನ ಆರತೈತಿ" ಎಂದೆ.