ಗೋಡೆಯನ್ನು ಕೇಳಿ ಮಾಡಿದ ಬಾಗಿಲು

ಬಡಿಗ ದಾವಲಸಾಬ ಹಳೆಯ ಬಾಗಿಲಿನ ಬಣ್ಣ ಉಜ್ಜಿ ತೆಗೆಯುತ್ತಿದ್ದಂತೆ ಒಂದು ವಾಸನೆ ಎದ್ದು ಬಂತು. ಮೊದಲು ಸಾಗವಾನಿಯ ಎಣ್ಣೆ ಎಣ್ಣೆಯಾದ ವಾಸನೆ, ಅದರ ಬೆನ್ನಿಗೆ ಹುರಿದ ಗುರೆಳ್ಳು, ಬೆಲ್ಲ, ವಿಭೂತಿ. ಗೋಪನಕೊಪ್ಪದ ನನ್ನ ಹೊಸ ಅಡುಗೆಮನೆಯಲ್ಲಿ ಇನ್ನೂ ಒಲೆ ಹಚ್ಚಿರಲಿಲ್ಲ. ಇದ್ದದ್ದು ಬರೀ ಪ್ಲೈವುಡ್ಡು, ಅಂಟು, ಧೂಳು. ಆದರೂ ಚಹಾದ ಕಪ್ಪು ಹಿಡಿದ ನಾನು ಹಳೇ ಹುಬ್ಬಳ್ಳಿಯ ನಮ್ಮ ನಡುಮನೆಯಲ್ಲಿ, ಅಜ್ಜಿಯ ಗೋಡೆಕಪಾಟಿನ ಮುಂದೆ ನಿಂತುಬಿಟ್ಟಿದ್ದೆ. ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಮೊಬೈಲ್ ಅಂಗಡಿಗಳು ಎದ್ದಿವೆ. ಮಣ್ಣಿನ ಗೋಡೆ ಮತ್ತೆ ಮಣ್ಣಾಗಿ ಟ್ರ್ಯಾಕ್ಟರ್ ಏರಿ ಹೋದ ದಿನ ನಾನು ಬೇಡಿ ತಂದುಕೊಂಡದ್ದು ಆ ಕಪಾಟಿನ ಜೋಡಿ ಬಾಗಿಲುಗಳನ್ನಷ್ಟೆ.

ಅವನ್ನು ಮಾಡಿದವನು ನಮ್ಮಪ್ಪನ ತಮ್ಮ, ಶಿವಪ್ಪ ಕಾಕಾ. ಬಡಿಗನಲ್ಲ, ಅರಳೆ ವ್ಯಾಪಾರದ ದಲ್ಲಾಳಿ. ಸಂಜೆ ಅಂಗಡಿಯಿಂದ ಬಂದವನೇ, ತಲೆತುಂಬ ಅರಳೆಯ ಎಳೆ ಅಂಟಿಸಿಕೊಂಡೇ ಹಿತ್ತಲಲ್ಲಿ ಗರಗಸ ಹಿಡಿದು ಕೂಡುತ್ತಿದ್ದ. ಒಂದು ಬೇಸಿಗೆಯೆಲ್ಲ ಅದೇ ಆಯಿತು. ಕೆಲಸ ಹಿಡಿಯುವ ಮುಂಚೆ ಆತ ಕಪಾಟಾಗಬೇಕಿದ್ದ ಗೋಡೆಗೂಡಿನ ಬಾಯಿಗೆ ಹಳೆಯ ಪೇಪರು ಒತ್ತಿ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳಾಡಿಸುತ್ತ ನಿಂತದ್ದು ನನಗೆ ನೆನಪಿದೆ, ನಿದ್ದೆಗಣ್ಣಿನ ಮಗುವಿನ ಬೆನ್ನು ಸವರಿದ ಹಾಗೆ. "ಲಗೂ ಮುಗಸೋ ಶಿವಪ್ಪಾ, ಬೆಲ್ಲಕ್ಕ ಇರುವಿ ಹತ್ಯಾವು," ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ಕೊನೆಗೆ ಬಾಗಿಲುಗಳನ್ನು ಹಿತ್ತಲಲ್ಲಿ ಆನಿಸಿ ನಿಲ್ಲಿಸಿದಾಗ ಮನೆಮಂದಿಯೆಲ್ಲ ನಕ್ಕದ್ದೇ ನಕ್ಕದ್ದು. ಮೇಲೆ ಸಣ್ಣ, ಕೆಳಗೆ ಅಗಲ, ಎರಡೂ ಡೊಂಕು. "ಇವೇನ ಬಾಗಲಾನೋ, ಹುಡುಗ್ಯಾರು ಉಡೋ ಪರಕಾರೋ?" ಅಂದಳು ಅಜ್ಜಿ. "ಗ್ವಾಡಿನ ಕೇಳಿ ಮಾಡೀನಿ ಯವ್ವಾ," ಅಂದ ಕಾಕಾ. ನಗು ಇನ್ನಷ್ಟು ಏರಿತು. ಗೂಡಿಗೆ ಹಚ್ಚಿದಾಗ ಅವು ಸರಿಯಾಗಿ ಕುಂತವು, ನಿಜ. ಆದರೆ ಅಜ್ಜಿ, "ಶಿವನ ದಯಾ, ಹೆಂಗೋ ಕುಂತಾವ," ಎಂದು ಕೈಮುಗಿದು ಶ್ರೇಯಸ್ಸನ್ನೆಲ್ಲ ದೇವರಿಗೇ ಕೊಟ್ಟುಬಿಟ್ಟಳು. ಅಂದಿನಿಂದ ನಮ್ಮಲ್ಲಿ ರೊಟ್ಟಿ ಸೊಟ್ಟಗಾದರೆ ಅದು 'ಕಾಕಾನ ಬಾಗಲಾ'. ಕಾಕಾ ತಾನೇ ತಾಟು ಮುಂದೆ ಮಾಡಿ, "ನನ್ನ ಬಾಗಲಾ ನನಗ ಹಾಕ್ರಿ," ಅನ್ನುತ್ತಿದ್ದ.

ಮಕ್ಕಳಾದ ನಮಗೆ ಮಾತ್ರ ಆ ಕಪಾಟು ದೊಡ್ಡ ಬೆರಗು. ತೆರೆದು ಬಿಟ್ಟರೆ ಬಾಗಿಲು ಯಾರೂ ಮುಟ್ಟದೆ, ಮೆಲ್ಲಗೆ ತಾನೇ ಬಂದು ಮುಚ್ಚಿಕೊಳ್ಳುತ್ತಿತ್ತು. "ಯಾರ ಮುಚ್ಚತಾರ ಕಾಕಾ?" ಎಂದು ಕೇಳಿದೆ. "ಗ್ವಾಡಿ ಮುಚ್ಚತೈತವಾ. ಅದಕ್ಕ ನಿದ್ದಿ ಬಂದಿರತೈತಿ." ಆಮೇಲೆ ಬಹಳ ದಿನ ನಾನು ಆ ಗೋಡೆಯ ಹತ್ತಿರ ಸಪ್ಪಳ ಮಾಡದೆ ಓಡಾಡಿದೆ. ಕಾಕಾ ಹೋಗಿ ಈಗ ಎಷ್ಟೋ ವರ್ಷ. ಮಣ್ಣು ಕೊಟ್ಟು ಬಂದು ಊಟಕ್ಕೆ ಕುಂತಾಗ ಯಾರೋ ಒಂದು ಸೊಟ್ಟ ರೊಟ್ಟಿ ನೋಡಿ ಅದೇ ಮಾತು ಅಂದರು. ಅಳುತ್ತಲೇ ಎಲ್ಲರೂ ನಕ್ಕೆವು. ಅವನ ಹೆಸರಿಗೆ ಉಳಿದದ್ದು ಅದೊಂದೇ ಮಾತು.

ಈಗ ದಾವಲಸಾಬ ಆ ಬಾಗಿಲುಗಳಿಗೆಂದು ಮಾಡಿದ ಹೊಸ ಕಪಾಟು ಮೂಲೆ ಮೂಲೆಯೂ ನೆಟ್ಟಗೆ ನಿಂತಿತ್ತು. ಬಾಗಿಲು ಹಿಡಿದು ನೋಡಿ ಆತ ತಲೆ ಅಲ್ಲಾಡಿಸಿದ. "ಅಕ್ಕಾರ, ಇವು ಪೂರಾ ಡೊಂಕ ಅದಾವ್ರಿ. ಹೊರಗ ಕಾಣದ ಹಿಂಜ್ ಬೇಕಂದ್ರ ಅಂಚು ನೆಟ್ಟಗ ಇರಬೇಕು. ಒಂದೀಟ ಕೊಯ್ದು ಬಿಡ್ತೇನ್ರಿ." ಕೊಯ್ಯುವ ಮಷಿನ್ನು ಆಗಲೇ ಕೈಯಲ್ಲಿತ್ತು. "ತಡೀರಿ," ಅಂದೆ. ಕೊಯ್ಯುವ ಮುಂಚೆ ಎರಡನ್ನೂ ಒಮ್ಮೆ ಮೊದಲಿದ್ದ ಹಾಗೆ ಜೋಡಿಯಾಗಿ ನೋಡುವ ಆಸೆ. ನೆಲದ ಮೇಲೆ ಪಕ್ಕಪಕ್ಕ ಮಲಗಿಸಿದೆವು. ನಡುವೆ ಅವೆರಡೂ ಕೂಡುವ ಗೆರೆ ದಾರ ಹಿಡಿದಷ್ಟು ನೆಟ್ಟಗಿತ್ತು. ದಾವಲಸಾಬ ಉಕ್ಕಿನ ಪಟ್ಟಿ ಇಟ್ಟು ನೋಡಿ, "ಯಾ ಅಲ್ಲಾ, ಇಲ್ಲಿ ಕೂದಲಾನೂ ಹೋಗಂಗಿಲ್ರಿ," ಅಂದ. ಡೊಂಕು ಇದ್ದದ್ದು ಹೊರಗಿನ ಅಂಚುಗಳಲ್ಲಿ ಮಾತ್ರ, ಗೋಡೆಗೆ ತಾಗುತ್ತಿದ್ದ ಕಡೆ. ಕಾಕಾನ ಕೈ ಸೊಟ್ಟಗಿದ್ದರೆ ನಡುವಿನ ಗೆರೆಯೂ ಸೊಟ್ಟಗಾಗಬೇಕಿತ್ತಲ್ಲ! ಒತ್ತಿ ಹಿಡಿದ ಪೇಪರು, ಅಂಚು ಸವರಿದ ಹೆಬ್ಬೆರಳು ಕಣ್ಣ ಮುಂದೆ ಬಂದವು. ಡೊಂಕಾಗಿದ್ದದ್ದು ಗೋಡೆಯ ಗೂಡು. ಕಾಕಾ ಅದನ್ನು ಕೇಳಿಯೇ ಮಾಡಿದ್ದ. ಮನೆಯೆಲ್ಲ ಮಣ್ಣಾಗಿ ಹೋದರೂ ಅದರ ವಾಲಿಕೆಯೊಂದು ಈ ಎರಡು ಹಲಗೆಗಳ ಅಂಚಿನಲ್ಲಿ ಹಾಗೇ ನಿಂತಿತ್ತು. ಮಷಿನ್ನು ಒಮ್ಮೆ ಹಾಯ್ದರೆ ಅದೂ ಪುಡಿಯಾಗಿ ಉದುರುತ್ತಿತ್ತು.

"ಕೊಯ್ಯಬ್ಯಾಡ್ರಿ," ಅಂದೆ.

"ಹಂಗಾದ್ರ ಕಪಾಟನ ಡೊಂಕ ಮಾಡಬೇಕಾಕ್ಕೈತ್ರಿ. ನೋಡಿದವ್ರು ದಾವಲಸಾಬಗ ಕಣ್ಣ ಕಾಣವಲ್ವು ಅಂತಾರ."

"ಅನ್ನಲಿ ಬಿಡ್ರಿ. ನಮ್ಮ ಕಾಕಾನ ಜೋಡಿ ನೀವೂ ಕೂಡ್ರಿ."

ಆತ ನಕ್ಕು, ಮೇಲೆ ದಪ್ಪ, ಕೆಳಗೆ ತೆಳುವಾದ ಎರಡು ಪಟ್ಟಿ ಕೊಯ್ದು ಕಪಾಟಿನ ಎಡಬಲಕ್ಕೆ ಬಡಿದ. ಈಗ ಅದರ ಬಾಯಿಯೂ ಆ ಹಳೆಯ ಗೂಡಿನ ಹಾಗೇ ವಾಲಿತು. ಬಾಗಿಲಿನ ಬೆನ್ನಿಗೆ ಹಿಂಜಿನ ಬಟ್ಟಲು ಕೂರುವಷ್ಟು ದುಂಡನೆಯ ಗುಳಿ ಕೊರೆದ. ಇಷ್ಟು ಹಳೆಯ ಕಟ್ಟಿಗೆಯ ಒಳಗಿನಿಂದ ನಿನ್ನೆ ಕಡಿದ ಮರದಂಥ ಹೊಂಬಣ್ಣದ ಪುಡಿ ಸುರುಳಿ ಸುರುಳಿಯಾಗಿ ಬಂತು. ಹಿಂಜು ಒಳಗೆ ಅಡಗಿ ಕುಂತಿತು. ಮುಂದಿನಿಂದ ನೋಡಿದರೆ ಬರೀ ಕಾಕಾನ ಹಲಗೆ. "ಹಳೇ ಕಟಗಿ, ಸ್ಪ್ರಿಂಗ್ ಜಗ್ಗಿದ್ರ ಸ್ಕ್ರೂ ಕಿತ್ತಾವಂತ ಸ್ಪ್ರಿಂಗ್ ಇಲ್ಲದ್ದ ಹಾಕೇನ್ರಿ. ತಾನ ಮುಚ್ಚಂಗಿಲ್ಲ, ನೀವ ಕೈಲೇ ಮುಚ್ಚಬೇಕು," ಎನ್ನುತ್ತ ದಾವಲಸಾಬ ಬಾಗಿಲನ್ನು ತೆರೆದು ಬಿಟ್ಟು, ಸಾಮಾನು ಚೀಲಕ್ಕೆ ತುಂಬಲು ಬಗ್ಗಿದ. ಬಾಗಿಲು ಒಂದು ಗಳಿಗೆ ನಿಂತಿತು. ಆಮೇಲೆ ಅವಸರವಿಲ್ಲದೆ, ಮೆಲ್ಲಗೆ ಬಂದು ಮುಚ್ಚಿಕೊಂಡಿತು.

ತಲೆ ಎತ್ತಿದ ದಾವಲಸಾಬ ಬಾಗಿಲನ್ನೂ ನನ್ನನ್ನೂ ನೋಡಿದ. "ಯಾರ ಮುಚ್ಚಿದ್ರಿ ಇದನ್ನ?"

"ಗ್ವಾಡಿ," ಅಂದೆ.

ಆತ ಹೋದ ಮೇಲೆ ಮತ್ತೊಮ್ಮೆ ತೆರೆದು ಬಿಟ್ಟೆ. ಮತ್ತೆ ಬಂತು. ಚಹಾ ಆರಿಹೋಗಿತ್ತು. ಕಪ್ಪು ತೆಗೆದುಕೊಂಡು, ಸಪ್ಪಳ ಮಾಡದೆ, ಅಡುಗೆಮನೆಯಿಂದ ಹೊರಗೆ ಬಂದೆ.