ಖಂಡದ ಪೆಟ್ಟಿಗೆ

ಬನಹಟ್ಟಿಯಲ್ಲಿ ನಾನು ಮಗ್ಗದ ಮೋಟಾರು ರಿಪೇರಿ ಮಾಡುತ್ತೇನೆ. ಎಲ್ಲದಕ್ಕೂ ಒಂದು ಸ್ವಿಚ್ಚು ಕೂರಿಸಿದರೆ ಜಗತ್ತು ಸರಿಹೋಗುತ್ತದೆ ಎಂಬ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಮನೆಯಲ್ಲೇ ಖಂಡ ಒಣಗಿಸುವ ಪೆಟ್ಟಿಗೆ ಹುಟ್ಟಿದ್ದೂ ಆ ಹುಚ್ಚಿನಿಂದಲೇ.

ನಮ್ಮದು ಕುರಿ ಕಾಯುವ ಮನೆತನ. ಬೀಳಗಿ ಕಡೆಯ ನನ್ನ ಸೋದರತ್ತೆ ಕುರಿಯ ಖಂಡವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಸಿನ ಸವರಿ, ಹಗ್ಗದ ಮೇಲೆ ತೂಗುಹಾಕಿ ಒಣಗಿಸುತ್ತಾಳೆ. ನಾಲ್ಕು ದಿನ ಮೋಡ ಕವಿದರೆ ಎಲ್ಲ ಹಾಳು. ಅದಕ್ಕೆಂದೇ ನಾನು ಪೆಟ್ಟಿಗೆಯೊಳಗೆ ಸಣ್ಣ ಫ್ಯಾನು, ತೇವ ಅಳೆಯುವ ಸೆನ್ಸರ್ ಎಲ್ಲ ಜೋಡಿಸಿದೆ. ಸೆನ್ಸರ್ ಅಂಕಿ ತೋರಿಸುತ್ತಿತ್ತು, ಸರಿ. ಆದರೆ ಯಾವ ಅಂಕಿಗೆ ಖಂಡ ಒಣಗಿದಂತೆ? ಅದು ಗೊತ್ತಿದ್ದದ್ದು ಅತ್ತೆಯ ಹೆಬ್ಬೆರಳಿಗೆ ಮಾತ್ರ. ಉಪ್ಪು ಹತ್ತಿದ ಖಂಡ ನೀರು ಬಿಡುವುದಕ್ಕೆ ಅವಳು ‘ಅಳೂದು’ ಅನ್ನುತ್ತಾಳೆ. ಎರಡು ಮಳೆಗಾಲ ಅವಳು ಒತ್ತಿ ನೋಡಿ ಹೇಳಿದಳು, ನಾನು ಬರೆದುಕೊಂಡೆ. ಕೊನೆಗೆ ಅವಳ ದನಿಯನ್ನೇ ಮೊಬೈಲಿನಲ್ಲಿ ಹಿಡಿದು ಪೆಟ್ಟಿಗೆಗೆ ಹಾಕಿದೆ. ತೇವ ಉಳಿದಿದ್ದರೆ ಪೆಟ್ಟಿಗೆಯೇ ಮಾತಾಡಿ ಹೇಳುತ್ತಿತ್ತು. ಅತ್ತೆ ಅದನ್ನು ಓಣಿಯವರಿಗೆಲ್ಲ ಕೇಳಿಸಿದಳು.

ಜಮಖಂಡಿಯ ಕಾಲೇಜೊಂದರಲ್ಲಿ ಇಂಥ ಹೊಸ ಸಾಮಾನುಗಳ ಪ್ರದರ್ಶನವಿತ್ತು. ವೇದಿಕೆಗೆ ಕರೆದು ನಿನ್ನ ಹೆಸರು ಹೇಳುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ. ಅವಳು ಮದುವೆಗೆ ಉಡುವ ಸೀರೆ ಉಟ್ಟು, ಬಂದವರು ರುಚಿ ನೋಡಲೆಂದು ಕೆಂಡದಲ್ಲಿ ಸುಟ್ಟ ಖಂಡವನ್ನು ಡಬ್ಬಿಯಲ್ಲಿ ತಂದು ಮೂರನೇ ಸಾಲಿನಲ್ಲಿ ಕೂತಿದ್ದಳು.

ಮುಖ್ಯ ಅತಿಥಿಯನ್ನು ನೋಡಿ ನಾನು ಪೆಟ್ಟಿಗೆಯ ಹಿಂದಕ್ಕೆ ಸರಿದೆ. ಅವರು ನಾನು ಬಾಡಿಗೆ ಹಿಡಿದ ಅಂಗಡಿಯ ಮಾಲೀಕರು, ತೇರದಾಳ ಕಡೆಯ ಜೈನ ವ್ಯಾಪಾರಿ. ನೀನೇನು ತಿನ್ನುತ್ತೀ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಅಂಜಿಕೆಯೆಲ್ಲ ನನ್ನದೇ. ಅವರು ಪೆಟ್ಟಿಗೆಯತ್ತ ಬಗ್ಗಿ, ಇದರಲ್ಲಿ ಏನು ಒಣಗಿಸುತ್ತೀ ಎಂದು ಕೇಳಿದರು.

“ದ್ರಾಕ್ಷಿರಿ,” ಅಂದೆ.

ಪರೀಕ್ಷೆಗೆಂದು ಒಳಗೆ ಒದ್ದೆ ಬಟ್ಟೆ ಇಟ್ಟಿದ್ದನ್ನು ಮರೆತು ಸ್ವಿಚ್ಚು ಒತ್ತಿದೆ. ಅತ್ತೆಯ ದನಿ ಸಭೆಗೆಲ್ಲ ಕೇಳಿಸಿತು: “ಖಂಡ ಇನ್ನೂ ಅಳಾಕತ್ತೈತಿ. ಮುಟ್ಟಬ್ಯಾಡ.”

ಜನ ಬಿದ್ದು ಬಿದ್ದು ನಕ್ಕರು. ಮಾಲೀಕರೂ ನಕ್ಕರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

“ಛಲೋ ಐತಿ. ದನಿ ಯಾರದು?”

ಅತ್ತೆ ಸೆರಗು ಸರಿಮಾಡಿಕೊಂಡು ಅರ್ಧ ಎದ್ದಿದ್ದಳು. ತನ್ನನ್ನು ಕರೆಯುವ ಹೊತ್ತು ಬಂತು ಎಂದುಕೊಂಡಿದ್ದಳು.

“ಗೊತ್ತಿಲ್ರಿ. ಮೊಬೈಲ್‌ನಾಗ ಸಿಕ್ಕಿತ್ತು.”

ಅವಳು ಕೂತಳು. ಡಬ್ಬಿಯನ್ನು ಕುರ್ಚಿಯ ಕೆಳಗೆ ಸರಿಸಿದಳು.

ಮೊದಲ ಸುಳ್ಳನ್ನು ಅಂಜಿಕೆಯ ತಲೆಗೆ ಕಟ್ಟಬಹುದು. ಎರಡನೆಯದಕ್ಕೆ ನೆಪವೇ ಇಲ್ಲ. ಅವರು ಕೇಳಿದ್ದು ದನಿಯ ಬಗ್ಗೆ, ಖಂಡದ ಬಗ್ಗೆ ಅಲ್ಲ. ಬೆರಳು ತೋರಿಸಿದ್ದರೆ ಸಾಕಿತ್ತು. ಈಗಲೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜೆ ಊರಿಗೆ ಬಿಟ್ಟುಬರಲೆಂದು ಬೀಳಗಿ ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತೆ. ಬೈಗುಳಕ್ಕೆ ಎಂದೂ ಬರವಿಲ್ಲದ ಬಾಯಿ ಅವಳದು. ಬೈಯಲಿ ಎಂದು ಕಾದೆ. ಬೆಳಗಿನಿಂದ ನಾನು ಉಂಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಡಬ್ಬಿ ತೆಗೆದಳು. ವಾಸನೆಗೆ ಮುಂದಿನ ಸೀಟಿನವರೊಬ್ಬರು ತಿರುಗಿ ನೋಡಿದರು. ಅತ್ತೆ ತಟ್ಟನೆ ಡಬ್ಬಿಗೆ ಸೆರಗು ಮುಚ್ಚಿ, ಒಂದು ತುಂಡು ನನ್ನ ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿದಳು.

“ತಿನ್ನಪ್ಪಾ. ಯಾರರೆ ಕೇಳಿದ್ರ, ದ್ರಾಕ್ಷಿ ಅನ್ನೂಣು.”